ಟ್ರೇಲರ್ ಎಳೆಯೋಕೆ ಯಾವ ಗಾಡಿ ತಗೊಳ್ಳಲಿ? ಘಟ್ಟದ ರಸ್ತೆಯವರಿಗೊಂದು ಮಾರ್ಗದರ್ಶಿ

ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಹತ್ತಿರ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಂದ ಒಂದೇ ಪ್ರಶ್ನೆ ಬರುತ್ತದೆ. ಅಡಿಕೆ ಸುಲಿಯುವ ಯಂತ್ರ ಟ್ರೇಲರ್ ಮೇಲಿದೆ, ಎಳೆಯೋಕೆ ಕಡಿಮೆ ದುಡ್ಡಿನ ಗಾಡಿ ಯಾವುದು ಅಂತ. ಕೆಲವರದ್ದು ಪವರ್ ಟಿಲ್ಲರ್, ಇನ್ನು ಕೆಲವರದ್ದು ಜನರೇಟರ್, ನೀರಿನ ಟ್ಯಾಂಕು. ಕೇಳುವವರೆಲ್ಲ ಎಂಜಿನ್ ಶಕ್ತಿ ಎಷ್ಟಿರಬೇಕು ಎಂದು ಕೇಳುತ್ತಾರೆ. ಬ್ರೇಕಿನ ಬಗ್ಗೆ ಕೇಳುವವರು ತೀರಾ ಕಡಿಮೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ ಟ್ರೇಲರ್ ಹತ್ತಿಸುವುದು ದೊಡ್ಡ ವಿಷಯವೇ ಅಲ್ಲ. ಒಂದನೇ ಗೇರಿನಲ್ಲಿ ಒಳ್ಳೆ ಡೀಸೆಲ್ ಗಾಡಿ ಹೇಗೋ ಹತ್ತುತ್ತದೆ. ಜೀವಕ್ಕೆ ಬರುವುದು ಇಳಿಯುವಾಗ. ಅದಕ್ಕೇ ಗಾಡಿ ಆರಿಸುವಾಗ ಎಷ್ಟು ಎಳೆಯುತ್ತದೆ ಅನ್ನೋದಕ್ಕಿಂತ ಎಷ್ಟನ್ನು ತಡೆದು ನಿಲ್ಲಿಸುತ್ತದೆ ಎಂದು ನೋಡಿ. ಕೆಳಗಿನ ಹಂತಗಳನ್ನೆಲ್ಲ ಅದೇ ಲೆಕ್ಕದಲ್ಲಿ ಬರೆದಿದ್ದೇನೆ.

1. ಗಾಡಿ ನೋಡುವ ಮೊದಲು ತೂಕ ಹಾಕಿಸಿ

ಟ್ರೇಲರಿನ ತೂಕ ಕೇಳಿದರೆ ಹೆಚ್ಚಿನವರು ಅಂದಾಜಿನಲ್ಲಿ ಹೇಳುತ್ತಾರೆ. ಅಂದಾಜು ಯಾವಾಗಲೂ ಕಡಿಮೆಯೇ ಇರುತ್ತದೆ. ಪವರ್ ಟಿಲ್ಲರ್ ಒಂದೇ 400ರಿಂದ 500 ಕೆಜಿ ಇರುತ್ತದೆ. ಒಣ ಅಡಿಕೆ ಚೀಲ 65–70 ಕೆಜಿ, ಅಂದರೆ ಹತ್ತು ಚೀಲ ಹಾಕಿದರೆ 700 ಕೆಜಿ ಹತ್ತಿರ. ಸಾವಿರ ಲೀಟರ್ ನೀರು ಸರಿಯಾಗಿ ಒಂದು ಟನ್. ಇದಕ್ಕೆಲ್ಲ ಟ್ರೇಲರಿನ ಸ್ವಂತ ತೂಕ ಸೇರಿಸಬೇಕು. ದಪ್ಪ ಕಬ್ಬಿಣ ಹಾಕಿ ಊರಲ್ಲೇ ಮಾಡಿಸಿದ ಟ್ರೇಲರ್ ಖಾಲಿ ಇದ್ದಾಗಲೂ ಭಾರ.

ಲೋಡ್ ತುಂಬಿದ ಟ್ರೇಲರನ್ನು ಒಮ್ಮೆ ವೇ ಬ್ರಿಡ್ಜ್‌ಗೆ ತಗೊಂಡು ಹೋಗಿ. ನಿಮಗೆ ಬೇಕಾದ್ದು ಟ್ರೇಲರಿನ ಒಟ್ಟು ತೂಕ. ಆಮೇಲೆ ಎಳೆಯುವ ಗಾಡಿಯ ಆರ್‌ಸಿ (ನೋಂದಣಿ ಪತ್ರ) ತೆಗೆದು ನೋಡಿ. ಅದರಲ್ಲಿ ಖಾಲಿ ಗಾಡಿಯ ತೂಕ ನಮೂದಾಗಿರುತ್ತದೆ. ಈ ಎರಡು ಅಂಕಿ ಇಲ್ಲದೆ ಮುಂದಿನ ಯಾವ ಮಾತಿಗೂ ಅರ್ಥವಿಲ್ಲ.

2. ಮಿತಿ ಎಲ್ಲಿ ಎಂದು ಲೆಕ್ಕ ಹಾಕಿ

ಮೊದಲು ಗಾಡಿಯ ಜೊತೆ ಬಂದ ಕೈಪಿಡಿ ತೆಗೆಯಿರಿ. ಟ್ರೇಲರ್ ಎಳೆಯಬಾರದು ಎಂದು ಬರೆದಿದ್ದರೆ ಅಲ್ಲಿಗೆ ಮುಗೀತು, ಆ ಗಾಡಿ ಬೇಡ. ಇಷ್ಟು ಕೆಜಿ ಎಂದಿದ್ದರೆ ಅದೇ ಕೊನೆ ಮಾತು. ನಮ್ಮ ದೇಶದಲ್ಲಿ ಮಾರುವ ಬಹಳ ಗಾಡಿಗಳ ಕೈಪಿಡಿಯಲ್ಲಿ ಈ ಅಂಕಿ ಇರುವುದೇ ಇಲ್ಲ. ಆಗ ಕಂಪನಿಗೆ ಬರಹದಲ್ಲಿ ಕೇಳಿ. ಅದರ ಜೊತೆಗೆ ಹೊರದೇಶಗಳಲ್ಲಿ ಬಳಕೆಯಲ್ಲಿರುವ ಎರಡು ಲೆಕ್ಕ ಇಟ್ಟುಕೊಳ್ಳಿ.

ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಒಟ್ಟು ತೂಕ ಗಾಡಿಯ ಖಾಲಿ ತೂಕದ ಅರ್ಧ ದಾಟಬಾರದು, ಯಾವ ಕಾರಣಕ್ಕೂ 750 ಕೆಜಿ ಮೀರಬಾರದು. ಯುರೋಪಿನಲ್ಲಿ ಹೀಗೇ ನಿಯಮವಿದೆ. ಬ್ರೇಕ್ ಇದ್ದರೆ ಗಾಡಿಯ ತೂಕದ 85 ಶೇಕಡಾದವರೆಗೆ ಹೋಗಬಹುದು ಎಂಬುದು ಅಲ್ಲಿ ಕ್ಯಾರವಾನ್ (ಚಕ್ರದ ಮೇಲಿನ ಮನೆ) ಎಳೆಯುವವರು ಪಾಲಿಸುವ ಮಾತು. ಆದರೆ ಅವರ ರಸ್ತೆ ಬೇರೆ, ನಮ್ಮ ರಸ್ತೆ ಬೇರೆ ಅಲ್ವಾ? ಹುಲಿಕಲ್ ಘಾಟಿ ಇಳಿಯುವವರಿಗೆ ನಾನು ಹೇಳುವುದು ಇನ್ನೂ ಕಡಿಮೆ: ಬ್ರೇಕ್ ಇಲ್ಲದ ಟ್ರೇಲರ್ 500 ಕೆಜಿ ಒಳಗೆ, ಬ್ರೇಕ್ ಇರುವುದು ಗಾಡಿಯ ತೂಕದ ಮುಕ್ಕಾಲು ಭಾಗದ ಒಳಗೆ.

ಯಾಕೆ ಎಂದು ಒಂದು ಲೆಕ್ಕದಲ್ಲಿ ನೋಡಿ. ಗಾಡಿ 1600 ಕೆಜಿ, ಒಳಗೆ ಜನ ಸಾಮಾನು 200, ಬ್ರೇಕ್ ಇಲ್ಲದ ಟ್ರೇಲರ್ 1000. ಒಟ್ಟು 2800 ಕೆಜಿ. ಹತ್ತು ಮೀಟರ್ ಹೋದರೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ ಸುಮಾರು 280 ಕೆಜಿಯಷ್ಟು ಬಲ ನಿಮ್ಮನ್ನು ಕೆಳಗೆ ನೂಕುತ್ತಲೇ ಇರುತ್ತದೆ. ಅದನ್ನು ಘಾಟಿ ಮುಗಿಯುವವರೆಗೆ ತಡೆಯಬೇಕಾದ್ದು ನಿಮ್ಮ ಎಂಜಿನ್ ಮತ್ತು ನಾಲ್ಕು ಚಕ್ರದ ಬ್ರೇಕ್.

ನಿಮ್ಮ ಲೋಡ್ ವಾರಕ್ಕೆ ಎರಡು ಮೂರು ಸಲ, ಒಂದು ಟನ್‌ಗಿಂತ ಜಾಸ್ತಿ ಇದ್ದರೆ ಕಾರು ಬೇಡ. ಪಿಕಪ್ ಗಾಡಿ ತಗೊಳ್ಳಿ, ಇಲ್ಲವೇ ಬಾಡಿಗೆಗೆ ಕರೆಯಿರಿ. ಟ್ರೇಲರಿಗೆ ಹಾಕುವ ದುಡ್ಡೂ ಉಳಿಯುತ್ತದೆ.

3. ಯಾವ ಗಾಡಿ?

ಚಾಸಿ ಬೇರೆ, ಬಾಡಿ ಬೇರೆ ಇರುವ ಗಾಡಿಯೇ ಬೇಕು. ಕೆಳಗೆ ಉದ್ದಕ್ಕೆ ಎರಡು ಉಕ್ಕಿನ ತೊಲೆ, ಅವುಗಳ ಮೇಲೆ ಬಾಡಿ ಕೂರಿಸಿರುತ್ತಾರೆ. ಇದಕ್ಕೆ ಲ್ಯಾಡರ್ ಫ್ರೇಮ್ ಎನ್ನುತ್ತಾರೆ. ಎಳೆಯುವ ಕೊಂಡಿಯನ್ನು ಆ ತೊಲೆಗೇ ಬೋಲ್ಟ್ ಮಾಡಬಹುದು. ಸಣ್ಣ ಕಾರುಗಳಲ್ಲಿ ಬಾಡಿ ಮತ್ತು ಚಾಸಿ ಒಂದೇ ತಗಡಿನ ಪೆಟ್ಟಿಗೆ. ಹಿಂದಿನ ತಗಡಿಗೆ ಕೊಂಡಿ ಸಿಕ್ಕಿಸಿ ಭಾರ ಎಳೆದರೆ ಬೋಲ್ಟ್ ತೂತು ನಿಧಾನಕ್ಕೆ ಹರಿದುಕೊಂಡು ಹೋಗುತ್ತದೆ.

ಹಿಂದಿನ ಚಕ್ರ ಓಡಿಸುವ ಗಾಡಿ ಅಥವಾ ಫೋರ್ ವೀಲ್ ಡ್ರೈವ್ ಇರಲಿ. ಟ್ರೇಲರಿನ ಮೂತಿ, ಅಂದರೆ ಕೊಂಡಿಗೆ ಸಿಕ್ಕಿಸುವ ಮುಂದಿನ ತುದಿ, ಗಾಡಿಯ ಹಿಂಭಾಗವನ್ನು ಒತ್ತುತ್ತದೆ, ಮುಂಭಾಗ ಹಗುರಾಗುತ್ತದೆ. ಮುಂದಿನ ಚಕ್ರದಿಂದ ಓಡುವ ಕಾರು ಒದ್ದೆ ಕೆಮ್ಮಣ್ಣಿನ ಏರಿನಲ್ಲಿ ಸುಮ್ನೆ ಚಕ್ರ ತಿರುಗಿಸುತ್ತಾ ನಿಲ್ಲುತ್ತದೆ.

ಇನ್ನು ಟಾರ್ಕ್. ಚಕ್ರ ತಿರುಗಿಸುವ ಬಲ ಇದು, ಎನ್‌ಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಎಚ್‌ಪಿಗಿಂತ ಇದು ಮುಖ್ಯ. ಅದೂ ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಧಾನಕ್ಕೆ ತಿರುಗುವಾಗಲೇ, ಸಿಗಬೇಕು, ಅದಕ್ಕೇ ಡೀಸೆಲ್.

ಕಡಿಮೆ ಖರ್ಚಿನಲ್ಲಿ ನನ್ನ ಮೊದಲ ಆಯ್ಕೆ ಮಹೀಂದ್ರಾ ಬೊಲೆರೊ. 1.5 ಲೀಟರ್ ಎಂಜಿನ್, 75 ಎಚ್‌ಪಿ, 210 ಎನ್‌ಎಂ. ಅಂಕಿ ದೊಡ್ಡದಲ್ಲ. ಆದರೆ ಹಿಂದೆ ಪಟ್ಟಿ ಸ್ಪ್ರಿಂಗ್ ಇದೆ, ಮೂತಿ ಭಾರಕ್ಕೆ ಬೇಗ ಕುಸಿಯುವುದಿಲ್ಲ. ರಿಪೇರಿ ಮಾಡುವವರು ಎಲ್ಲ ಹೋಬಳಿಯಲ್ಲೂ ಸಿಗುತ್ತಾರೆ. 600 ಕೆಜಿ ಸುತ್ತಮುತ್ತಲಿನ, ಬ್ರೇಕ್ ಇರುವ ಟ್ರೇಲರಿಗೆ ಇದು ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ 260 ಎನ್‌ಎಂ ಇರುವ ಬೊಲೆರೊ ನಿಯೋ, ಇನ್ನೂ ಮೇಲೆ 300 ಎನ್‌ಎಂನ ಸ್ಕಾರ್ಪಿಯೊ ಕ್ಲಾಸಿಕ್ ನೋಡಿ. ಒಂದು ಟನ್ ಹತ್ತಿರದ, ಬ್ರೇಕ್ ಇರುವ ಟ್ರೇಲರಿಗೆ ಸ್ಕಾರ್ಪಿಯೊ ಸರಿಯಾದ ಜೋಡಿ. ಅದರ ತೂಕವೂ ಜಾಸ್ತಿ, ಅದು ಇಲ್ಲಿ ಒಳ್ಳೆಯದೇ. ತೋಟದ ರಸ್ತೆಯೇ ಕಡಿದಾಗಿದ್ದರೆ ನಿಧಾನಕ್ಕೆ ಹೆಚ್ಚು ಬಲದಲ್ಲಿ ಎಳೆಯುವ ಲೋ ರೇಂಜ್ ಗೇರಿರುವ ಡೀಸೆಲ್ ಥಾರ್ ಯೋಚಿಸಬಹುದು. ಆದರೆ ಅದರ ಮುಂದಿನ ಹಿಂದಿನ ಗಾಲಿಗಳ ಅಂತರ ಚಿಕ್ಕದು, ಉದ್ದದ ಟ್ರೇಲರ್ ಅದನ್ನು ಬೇಗ ಅಲ್ಲಾಡಿಸುತ್ತದೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆ 2.5 ಲೀಟರ್ ಇನ್ನೋವಾ ಗಟ್ಟಿ ಗಾಡಿ. ಟಾಟಾ ಸುಮೋ ಗೋಲ್ಡ್, ಸಫಾರಿ ಸ್ಟಾರ್ಮ್ ಎರಡೂ ಎಳೆಯುವ ಕೆಲಸಕ್ಕೆ ಚೆನ್ನ. ಎರಡೂ 2019ರಲ್ಲಿ ನಿಂತುಹೋದ ಗಾಡಿಗಳು, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಮೊದಲೇ ವಿಚಾರಿಸಿ.

ಎಎಂಟಿ ಗಾಡಿ ತಗೊಳ್ಳಬೇಡಿ. ಕ್ಲಚ್ಚನ್ನು ಯಂತ್ರವೇ ಒತ್ತುವ ಗೇರ್‌ಬಾಕ್ಸ್ ಅದು. ಏರಿನಲ್ಲಿ ಭಾರ ಹೊತ್ತು ನಿಂತು ಹೊರಟರೆ ಕ್ಲಚ್ ಬೇಗ ಕಾಯುತ್ತದೆ.

4. ಹಳೆ ಗಾಡಿ ನೋಡುವಾಗ

ಗಾಡಿ ಕೆಳಗೆ ಮಲಗಿ ನೋಡಿ. ಮೇಲಿನ ಬಣ್ಣ ನೋಡಿ ಮರುಳಾಗಬೇಡಿ. ನಮ್ಮ ಮಳೆಗೆ ಚಾಸಿಯ ಹಿಂದಿನ ಅಡ್ಡತೊಲೆಯೇ ಮೊದಲು ತುಕ್ಕು ಹಿಡಿಯುವುದು, ಕೊಂಡಿ ಕೂರುವುದೂ ಅಲ್ಲೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಉಕ್ಕು ಖಣಖಣ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ.

ಆಮೇಲೆ ಒಂದು ಏರಿಗೆ ಒಯ್ಯಿರಿ. ಮೂರನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬಿಸಿಯಾದ ಮೇಲೆ ರೇಡಿಯೇಟರಿನ ಫ್ಯಾನ್ ಕೆಲಸ ಮಾಡುತ್ತದಾ ನೋಡಿ.

ಯಾವ ಹಳೆ ಗಾಡಿ ಕೊಂಡರೂ ಬ್ರೇಕ್ ಫ್ಲೂಯಿಡ್ ಪೂರ್ತಿ ಬದಲಿಸಿ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ನಮ್ಮ ಗಾಳಿಯಲ್ಲಿ ತೇವಕ್ಕೇನು ಬರ? ನೀರು ಸೇರಿದ ಫ್ಲೂಯಿಡ್ ಕಡಿಮೆ ಬಿಸಿಗೇ ಕುದಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೇರ ಕೆಳಗೆ ಹೋಗುತ್ತದೆ. ಅದು ಆಗುವುದು ಘಾಟಿಯ ಮಧ್ಯದಲ್ಲೇ. ಎರಡು ವರ್ಷಕ್ಕೊಮ್ಮೆ ಬದಲಿಸುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

5. ಕೊಂಡಿ, ಸರಪಳಿ, ದೀಪ

ಗಾಡಿಯ ಮುಂದೆ ಹಿಂದೆ ಇರುವ ಸಣ್ಣ ಕಬ್ಬಿಣದ ಬಳೆಗೆ ಟ್ರೇಲರ್ ಕಟ್ಟುವವರನ್ನು ನೋಡುತ್ತೇವೆ. ಅದು ಕೆಟ್ಟು ನಿಂತ ಗಾಡಿಯನ್ನು ಎಳೆಯುವುದಕ್ಕೆ ಮಾತ್ರ. ಟ್ರೇಲರಿಗೆ ಬೇರೆಯೇ ಕೊಂಡಿ ಬೇಕು.

ಟ್ರ್ಯಾಕ್ಟರಿನ ತರಹದ ಪಿನ್ ಕೊಂಡಿಗಿಂತ, ಉಕ್ಕಿನ ಉಂಡೆಯ ಮೇಲೆ ಟೋಪಿ ಕೂರುವ ಗುಂಡಿನ ಕೊಂಡಿ ಒಳ್ಳೆಯದು. ಪಿನ್ನಿನಲ್ಲಿ ಆಟ ಇರುತ್ತದೆ, ಬ್ರೇಕ್ ಹಾಕಿದಾಗಲೆಲ್ಲ ಟ್ರೇಲರ್ ಹಿಂದಿನಿಂದ ಗುದ್ದುತ್ತದೆ. ಗುಂಡು ತಗೊಳ್ಳುವಾಗ ಅಳತೆ ನೋಡಿ. 50 ಮಿಲಿಮೀಟರ್ ಮತ್ತು 2 ಇಂಚು ಒಂದೇ ಅಲ್ಲ, 2 ಇಂಚೆಂದರೆ 50.8 ಮಿಲಿಮೀಟರ್. ಗುಂಡೂ ಅದರ ಮೇಲೆ ಕೂರುವ ಟೋಪಿಯೂ ಒಂದೇ ಅಳತೆ ಇರಬೇಕು. ಕೂರಿಸಿದ ಮೇಲೆ ಟ್ರೇಲರ್ ಮೂತಿಯನ್ನು ಜಾಕ್‌ನಿಂದ ಎತ್ತಿ ನೋಡಿ. ಗಾಡಿಯ ಹಿಂಭಾಗವೂ ಜೊತೆಗೆ ಎದ್ದರೆ ಸರಿಯಾಗಿ ಕೂತಿದೆ.

ಎರಡು ಸರಪಳಿ ಹಾಕಿ, ಕೊಂಡಿಯ ಕೆಳಗೆ ಅಡ್ಡಡ್ಡ ದಾಟಿಸಿ. ಕೊಂಡಿ ತಪ್ಪಿದರೂ ಮೂತಿ ಸರಪಳಿ ಮೇಲೆ ಬೀಳುತ್ತದೆ, ರಸ್ತೆಗೆ ಇರಿಯುವುದಿಲ್ಲ.

ಟ್ರೇಲರ್ ಹೊಸದಾಗಿ ಮಾಡಿಸುವವರು ಓವರ್‌ರನ್ ಬ್ರೇಕ್ ಹಾಕಿಸಿ. ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದಲ್ಲ, ಆ ಒತ್ತಡದಿಂದಲೇ ಅದರ ಚಕ್ರಕ್ಕೆ ಬ್ರೇಕ್ ಬೀಳುವ ವ್ಯವಸ್ಥೆ ಇದು. ಬೇರೆ ಕಡೆ ಎಷ್ಟು ಬೇಕಾದರೂ ಉಳಿಸಿ, ಇಲ್ಲಿ ಮಾತ್ರ ಬೇಡ. ಹಿಂದಿನ ದೀಪ, ಇಂಡಿಕೇಟರ್, ಕೆಂಪು ರಿಫ್ಲೆಕ್ಟರ್ ಕಡ್ಡಾಯ. ಸಂಜೆ ಮಂಜು ಇಳಿದ ಮೇಲೆ ದೀಪವಿಲ್ಲದ ಟ್ರೇಲರ್ ಹಿಂದಿನವನಿಗೆ ಕಾಣುವುದೇ ಇಲ್ಲ.

ಟೈರಿನ ವಯಸ್ಸು ಅದರ ಬದಿಯಲ್ಲೇ ಇರುತ್ತದೆ. DOT ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟ್ರೇಲರ್ ಟೈರ್ ಸವೆಯುವುದಕ್ಕಿಂತ ಮೊದಲು ಬಿಸಿಲಿಗೆ ಬಿರಿಯುತ್ತದೆ.

6. ಕಾಗದಪತ್ರ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಅದಕ್ಕೆ ಬೇರೆ ನೋಂದಣಿ ಬೇಕು, ಥರ್ಡ್ ಪಾರ್ಟಿ ವಿಮೆಯೂ ಬೇಕು. ಗಾಡಿಯ ವಿಮೆ ಇದೆ ಅಂತ ಸುಮ್ಮನಿರಬೇಡಿ. ಟ್ರೇಲರ್ ಎಳೆಯುವ ವಿಷಯ ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ. ಗಾಡಿಯ ಮೂಲ ರಚನೆ ಬದಲಿಸುವುದಕ್ಕೂ ಕಾಯ್ದೆಯಲ್ಲಿ ಮಿತಿ ಇದೆ. ಆದ್ದರಿಂದ ಕೊಂಡಿ ಕೂರಿಸುವ ಮೊದಲೇ ಶಿವಮೊಗ್ಗದ ಅಥವಾ ಸಾಗರದ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಹೊಡೆಯುವಂತಿಲ್ಲ. ಸುಲಿಯುವ ಯಂತ್ರವನ್ನು ಮನೆಮನೆಗೆ ಬಾಡಿಗೆಗೆ ಒಯ್ಯುವವರು ಇದನ್ನೂ ಅಲ್ಲೇ ವಿಚಾರಿಸಿ.

7. ಲೋಡ್ ಮಾಡುವುದು

ಎತ್ತಿನ ಗಾಡಿಗೆ ಹೇರಿದವರಿಗೆ ಇದು ಹೊಸದಲ್ಲ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕುತ್ತಿಗೆ ಬೀಳುತ್ತದೆ. ಇಲ್ಲೂ ಹಾಗೇ. ಟ್ರೇಲರಿನ ಒಟ್ಟು ತೂಕದಲ್ಲಿ 7ರಿಂದ 10 ಶೇಕಡಾ ಕೊಂಡಿಯ ಮೇಲೆ ಕೂರಬೇಕು. 800 ಕೆಜಿ ಟ್ರೇಲರಿಗೆ 56ರಿಂದ 80 ಕೆಜಿ. ಕೊಂಡಿಗೆ ಅಥವಾ ಗಾಡಿಗೆ ಇದಕ್ಕಿಂತ ಕಡಿಮೆ ಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಅಳೆಯುವುದು ಸುಲಭ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲಿ ಇದ್ದೇ ಇರುತ್ತದೆ. ಸಮತಟ್ಟು ಅಂಗಳದಲ್ಲಿ ಟ್ರೇಲರ್ ಚಕ್ರಕ್ಕೆ ಕಲ್ಲು ಕೊಟ್ಟು, ಕೊಂಡಿಯ ಎತ್ತರಕ್ಕೆ ಒಂದು ಮರದ ತುಂಡನ್ನು ತಕ್ಕಡಿ ಮೇಲಿಟ್ಟು ಮೂತಿಯನ್ನು ಅದರ ಮೇಲೆ ಕೂರಿಸಿ.

ಹಿಂಭಾರ ಮಾತ್ರ ಯಾವತ್ತೂ ಬೇಡ. ಟ್ರೇಲರ್ ಬಾಲ ಬೀಸುವುದಕ್ಕೆ ಶುರು ಮಾಡುವುದು ಹೆಚ್ಚಾಗಿ ಅದರಿಂದಲೇ. ಪವರ್ ಟಿಲ್ಲರಿನ ಎಂಜಿನ್ ಟ್ರೇಲರಿನ ಅಚ್ಚಿನ ಮೇಲೆ, ಸ್ವಲ್ಪ ಮುಂದಕ್ಕೆ ಬರುವ ಹಾಗೆ ನಿಲ್ಲಿಸಿ. ನಾಲ್ಕೂ ಮೂಲೆಗೆ ರ‍್ಯಾಚೆಟ್ ಪಟ್ಟಿ (ಹಿಡಿ ಎಳೆದು ಬಿಗಿಸುವ ಬೆಲ್ಟು) ಹಾಕಿ ಬಿಗಿಯಿರಿ. ನೈಲಾನ್ ಹಗ್ಗ ಒದ್ದೆಯಾದರೆ ಸಡಿಲವಾಗುತ್ತದೆ. ನೀರಿನ ಟ್ಯಾಂಕನ್ನು ಪೂರ್ತಿ ತುಂಬಿ, ಇಲ್ಲವೇ ಖಾಲಿ ಒಯ್ಯಿರಿ. ಅರ್ಧ ತುಂಬಿದ ಟ್ಯಾಂಕಿನ ನೀರು ಪ್ರತಿ ತಿರುವಿನಲ್ಲೂ ಒಂದು ಬದಿಗೆ ನುಗ್ಗುತ್ತದೆ. ಹೊಸ ಚಕ್ರ ಹಾಕಿದ್ದರೆ 50 ಕಿಲೋಮೀಟರ್ ಆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.

8. ಓಡಿಸುವುದು

ಮೊದಲ ಕೆಲವು ದಿನ ಖಾಲಿ ಟ್ರೇಲರಿನೊಂದಿಗೆ ಮೈದಾನದಲ್ಲಿ ಅಭ್ಯಾಸ ಮಾಡಿ. ರಿವರ್ಸ್‌ಗೆ ಒಂದು ಉಪಾಯ ಇದೆ. ಸ್ಟೀರಿಂಗಿನ ತೀರಾ ಕೆಳಭಾಗ ಹಿಡಿಯಿರಿ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಕೈಯನ್ನು ಎಡಕ್ಕೆ ಸರಿಸಿ, ಬಲಕ್ಕಾದರೆ ಬಲಕ್ಕೆ. ಸ್ವಲ್ಪವೇ ಸರಿಸಿ, ಕಾಯಿರಿ. ಮಡಚಿಕೊಂಡರೆ ಒದ್ದಾಡಬೇಡಿ, ಮುಂದೆ ಹೋಗಿ ನೇರ ಮಾಡಿಕೊಂಡು ಮತ್ತೆ ಬನ್ನಿ.

ಏರಿನಲ್ಲಿ ನಿಂತು ಹೊರಡುವಾಗ ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕ್ಲಚ್ ಕಚ್ಚಿ ಗಾಡಿ ಎಳೆಯಲು ಶುರು ಮಾಡಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುವ ಅಭ್ಯಾಸವನ್ನು ಟ್ರೇಲರ್ ಇದ್ದಾಗ ಪೂರ್ತಿ ಬಿಡಬೇಕು. ಉಷ್ಣಾಂಶದ ಮುಳ್ಳು ಏರಿದರೆ ಎಸಿ ಆರಿಸಿ, ಅಗಲ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಕೂಡಲೇ ಆರಿಸದೆ ಸ್ವಲ್ಪ ಹೊತ್ತು ಹಾಗೇ ಓಡಲು ಬಿಡಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಈ ಒಂದು ಮಾತು ನೆನಪಿರಲಿ. ಆ ಘಾಟಿ ಹತ್ತುವುದಕ್ಕೆ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವುದಕ್ಕೂ ಅದೇ, ಬೇಕಾದರೆ ಇನ್ನೂ ಒಂದು ಕಡಿಮೆ. ವೇಗ ಬಂದ ಮೇಲೆ ಗೇರ್ ಇಳಿಸಲು ಹೋದರೆ ಗೇರ್ ಬೀಳದೆ ಗಾಡಿ ನ್ಯೂಟ್ರಲ್‌ನಲ್ಲಿ ಉಳಿಯುತ್ತದೆ. ಬೇಕೆಂದೇ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವವರಿಗೆ ಒಂದು ಮಾತು: ಗೇರಿನಲ್ಲಿದ್ದು ಕಾಲು ತೆಗೆದರೆ ಈಗಿನ ಎಂಜಿನ್‌ಗಳು ಡೀಸೆಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲೇ ಡೀಸೆಲ್ ಖರ್ಚಾಗುವುದು.

ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ ಏರಿದಾಗ ಗಟ್ಟಿಯಾಗಿ ಒಂದೆರಡು ಕ್ಷಣ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಮತ್ತೆ ಏರಿದರೆ ಮತ್ತೆ ಒತ್ತಿ. ಬಿಟ್ಟ ಹೊತ್ತಿನಲ್ಲಿ ಬ್ರೇಕ್ ತಣಿಯುತ್ತದೆ. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಬಿಸಿ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ.

ಹೇರ್‌ಪಿನ್ ತಿರುವಿನಲ್ಲಿ ಟ್ರೇಲರ್ ನಿಮ್ಮ ಚಕ್ರದ ಜಾಡಿನಲ್ಲೇ ಬರುವುದಿಲ್ಲ, ಒಳಗಡೆಯಿಂದ ಕತ್ತರಿಸಿಕೊಂಡು ಬರುತ್ತದೆ. ಎಡ ತಿರುವಿನಲ್ಲಿ ಅದರ ಚಕ್ರ ಚರಂಡಿಗೆ ಇಳಿಯುತ್ತದೆ. ಬಲ ತಿರುವಿನಲ್ಲಿ ಎದುರಿನವರ ದಾರಿಗೆ ನುಗ್ಗುತ್ತದೆ. ಆಗುಂಬೆ ಘಾಟಿಯಲ್ಲಿ ಇಂಥ ತಿರುವು 14 ಇವೆ, ಬಸ್ಸು ಎದುರಾದರೆ ಟ್ರೇಲರ್ ಹಿಂದಕ್ಕೆ ತಳ್ಳುವುದಕ್ಕೂ ಜಾಗವಿಲ್ಲ. ಅಲ್ಲಿ ಭಾರದ ವಾಹನಗಳಿಗೆ ಆಗಾಗ ನಿರ್ಬಂಧವೂ ಇರುತ್ತದೆ, ಮಳೆಗಾಲದಲ್ಲಿ ಅಂತೂ ಹೊರಡುವ ಮೊದಲು ವಿಚಾರಿಸಲೇಬೇಕು. ಟ್ರೇಲರ್ ಇದ್ದರೆ ನಾನು ಆಗುಂಬೆಯನ್ನು ಯಾರಿಗೂ ಸೂಚಿಸುವುದಿಲ್ಲ. ಇಕ್ಕಟ್ಟಿನ ಘಟ್ಟದ ರಸ್ತೆಯಲ್ಲಿ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು ಎಂಬುದು ನಿಯಮ. ನೀವು ಇಳಿಯುತ್ತಿದ್ದರೆ ಅಗಲ ಜಾಗ ನೋಡಿ ಮೊದಲೇ ನಿಲ್ಲಿ.

ಟ್ರೇಲರ್ ಅತ್ತಿತ್ತ ಓಲಾಡಲು ಶುರು ಮಾಡಿದರೆ ಕೈಕಾಲು ಎರಡೂ ತಪ್ಪು ಕೆಲಸಕ್ಕೆ ಓಡುತ್ತವೆ. ಬ್ರೇಕ್ ಒದೆಯಬೇಡಿ, ಸ್ಟೀರಿಂಗ್ ಎದುರು ತಿರುಗಿಸಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ವೇಗ ಇಳಿದಂತೆ ಅದೇ ಸರಿಹೋಗುತ್ತದೆ. ನಂತರ ನಿಲ್ಲಿಸಿ ಲೋಡ್ ಮುಂದಕ್ಕೆ ಸರಿಸಿ. ಹೆಚ್ಚಿನ ಸಲ ಹಿಂಭಾರವೇ ಕಾರಣ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯಂಥ ಬಯಲಿನಲ್ಲಿ ಶರಾವತಿ ಹಿನ್ನೀರಿನ ಅಡ್ಡಗಾಳಿಗೂ ಎತ್ತರದ ಟ್ರೇಲರ್ ಓಲಾಡಬಹುದು. ಮಟ್ಟ ರಸ್ತೆಯಲ್ಲೂ 50ರ ಮೇಲೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಮಳೆಗಾಲದಲ್ಲಿ ಮರದ ನೆರಳಿನ ರಸ್ತೆಯಲ್ಲಿ ಪಾಚಿ, ಕೊಳೆತ ಎಲೆ ಇರುತ್ತದೆ. ಬ್ರೇಕ್ ಏನಿದ್ದರೂ ತಿರುವಿಗೆ ಮೊದಲು, ಗಾಡಿ ನೇರ ಇರುವಾಗ. ತಿರುವಿನ ಒಳಗೆ ಬ್ರೇಕ್ ಹಾಕಿದರೆ ಟ್ರೇಲರ್ ಗಾಡಿಯ ಹಿಂಭಾಗವನ್ನು ಹೊರಕ್ಕೆ ತಳ್ಳಿ ಮಡಚಿಬಿಡುತ್ತದೆ. ಜೋರು ಮಳೆಯ ದಿನ ಘಾಟಿ ಇಳಿಯುವ ಕೆಲಸ ಮರುದಿನಕ್ಕೆ ಇಟ್ಟುಕೊಳ್ಳಿ.

9. ತಲುಪಿದ ಮೇಲೆ

ಕೊಂಡಿ ಬಿಚ್ಚುವ ಮೊದಲು ಟ್ರೇಲರಿನ ಎರಡೂ ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡು ಕೊಡಿ. ಅದಾದ ಮೇಲೆ ದೀಪದ ವೈರು, ಆಮೇಲೆ ಕೊಂಡಿ, ಸರಪಳಿ ಕಡೆಗೆ. ಇಳಿಜಾರಿನ ಅಂಗಳದಲ್ಲಿ ಈ ಕ್ರಮ ತಪ್ಪಿದರೆ ಟ್ರೇಲರ್ ತೋಟದ ಕಡೆಗೆ ಹೊರಟುಬಿಡುತ್ತದೆ. ಅದರ ಮುಂದೆ ನಿಂತು ಹಿಡಿಯಲು ಯಾರೂ ಹೋಗಬಾರದು.

ಹಾಗೇ ಟ್ರೇಲರಿನ ಎರಡೂ ಚಕ್ರದ ಮಧ್ಯಭಾಗದ ಹತ್ತಿರ ಕೈ ತಂದು ನೋಡಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಇದ್ದರೆ ಬೇರಿಂಗ್ ಹೋಗುತ್ತಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಹಳ್ಳ ದಾಟಿಸಿದ ಟ್ರೇಲರಿನ ಬೇರಿಂಗಿಗೆ ನೀರು ಸೇರಿರುತ್ತದೆ. ಮಳೆಗಾಲ ಮುಗಿದ ಕೂಡಲೇ, ಕೊಯ್ಲು ಶುರುವಾಗುವ ಮೊದಲು, ಬಿಚ್ಚಿಸಿ ಹೊಸ ಗ್ರೀಸ್ ತುಂಬಿಸಿ.